ದಿನಕ್ಕೊಂದು ಫೋಟೊ: ಕಲಾವಿದರು ತಮ್ಮ ಕೆಲಸದ ದಿನಗಳನ್ನು ದಾಖಲಿಸುವ ಬಗೆ

ದಿನಕ್ಕೊಂದು ಫೋಟೊ ತೆಗೆಯುತ್ತೇನೆಂದು ಶುರು ಮಾಡುವವರು ಬಹಳ, ಎರಡನೇ ತಿಂಗಳು ದಾಟುವವರು ಕಡಿಮೆ. ಸೋಮಾರಿತನವನ್ನು ದೂರುವುದು ಸುಲಭ. ತೊಡಕು ಇರುವುದು ಮಾತ್ರ ಆಯ್ಕೆಯಲ್ಲಿ: ದಿನಾ ಚಂದದ ಫೋಟೊ ಬೇಕೆಂದು ಹೊರಟರೆ, ಚಂದವಿಲ್ಲದ ದಿನ ಕ್ಯಾಮೆರಾ ಎತ್ತಲು ಮನಸ್ಸೇ ಬರುವುದಿಲ್ಲ. ಕಲಾವಿದರಿಗೆ ಅಂಥ ದಿನಗಳೇ ಜಾಸ್ತಿ. ಕ್ಯಾನ್ವಾಸಿಗೆ ಜೆಸ್ಸೊ (ಬಣ್ಣಕ್ಕೂ ಮೊದಲು ಹಚ್ಚುವ ತಳಲೇಪ) ಬಳಿದು ಒಣಗಲು ಬಿಟ್ಟ ದಿನ, ಚೌಕಟ್ಟಿಗೆ ಮೊಳೆ ಹೊಡೆದ ದಿನ, ನಿನ್ನೆ ಬಿಡಿಸಿದ್ದನ್ನೆಲ್ಲ ಒರೆಸಿ ಹಾಕಿದ ದಿನ, ಬರೀ ಲೆಕ್ಕಪತ್ರ ನೋಡಿ ಮುಗಿಸಿದ ದಿನ.

ಹಾಗಾಗಿ ಮೊದಲು ಬದಲಾಗಬೇಕಾದದ್ದು ಅಳತೆಗೋಲು. "ಈ ಫೋಟೊ ಚೆನ್ನಾಗಿದೆಯೇ" ಎಂದು ಕೇಳುವುದನ್ನು ಬಿಟ್ಟು, "ಮುಂದಿನ ವರ್ಷ ನಾನು ಕೇಳಬಹುದಾದ ಯಾವ ಪ್ರಶ್ನೆಗೆ ಇದರಲ್ಲಿ ಉತ್ತರವಿದೆ" ಎಂದು ಕೇಳಿಕೊಳ್ಳಿ. ಆಕಾಶಕ್ಕೆ ಮೊದಲು ಬಳಿದ ಬಣ್ಣ ಯಾವುದು? ಎಡಗಡೆಯ ಆಕೃತಿಯನ್ನು ಅಳಿಸಿದ್ದು ಯಾವಾಗ? ಆ ಕಾಗದ ಅಂಚಿನಲ್ಲಿ ಸುರುಳಿಯಾಗತೊಡಗಿದ್ದು ಎಷ್ಟನೇ ಲೇಪದ ನಂತರ? 1937ರ ಮೇ–ಜೂನ್‌ನಲ್ಲಿ ಪಿಕಾಸೊ 'ಗ್ವೆರ್ನಿಕಾ' ಬಿಡಿಸುತ್ತಿದ್ದಾಗ ಛಾಯಾಗ್ರಾಹಕಿ ಡೋರಾ ಮಾರ್ ಅದರ ಹಂತಗಳ ಫೋಟೊ ತೆಗೆದರು. ನೆಲಕ್ಕೆ ಬಿದ್ದ ಯೋಧನ ಮುಷ್ಟಿ ಕಟ್ಟಿದ ತೋಳು ಮೊದಲು ಮೇಲಕ್ಕೆ ಚಾಚಿತ್ತು, ಆಮೇಲೆ ಪಿಕಾಸೊ ಅದನ್ನು ತೆಗೆದುಹಾಕಿದರು ಎಂಬುದನ್ನು ಆ ಫೋಟೊಗಳಲ್ಲಿ ಇವತ್ತಿಗೂ ಕಣ್ಣಾರೆ ನೋಡಬಹುದು. ಮುಗಿದ ಚಿತ್ರದ ಮುಂದೆ ಎಷ್ಟು ಹೊತ್ತು ನಿಂತರೂ ಅದು ಕಾಣುವುದಿಲ್ಲ.

ಒಂದು ಸ್ಥಿರ, ಒಂದು ಬಿಡಿ

ದಿನಕ್ಕೆ ಎರಡು ಬಗೆಯ ಫೋಟೊ ಸಾಕು. ಒಂದು ಸ್ಥಿರ ಫೋಟೊ: ಅದೇ ಜಾಗ, ಅದೇ ಎತ್ತರ, ಅದೇ ಲೆನ್ಸ್, ಸಾಧ್ಯವಾದರೆ ಅದೇ ಹೊತ್ತು. ಈಸಲ್ (ಕ್ಯಾನ್ವಾಸ್ ನಿಲ್ಲಿಸುವ ಸ್ಟ್ಯಾಂಡ್) ಇರಲಿ, ಕೆಲಸದ ಮೇಜಿರಲಿ, ಎದುರಿಗೆ ಏನಿದೆಯೋ ಅದು. ಇನ್ನೊಂದು ಬಿಡಿ ಫೋಟೊ: ಆ ದಿನ ಕಣ್ಣಿಗೆ ಬಿದ್ದದ್ದು. ಕುಂಚ ತೊಳೆದ ನೀರಿನ ಬಣ್ಣ, ಪ್ಯಾಲೆಟ್ ಮೇಲೆ ಉಳಿದ ಮುದ್ದೆ, ಕಸದ ಬುಟ್ಟಿ ಸೇರಿದ ಕಾಗದ, ಬಣ್ಣ ಮೆತ್ತಿದ ಉಗುರು, ಕಳಿಸಲು ಕಟ್ಟಿಟ್ಟ ಪಾರ್ಸೆಲ್.

ಕಡ್ಡಾಯ ಯಾವುದೆಂದರೆ ಸ್ಥಿರ ಫೋಟೊ ಮಾತ್ರ. ಅದಕ್ಕೆ ಯೋಚನೆ ಬೇಕಿಲ್ಲ, ಅರ್ಧ ನಿಮಿಷದ ಕೆಲಸ, ಜ್ವರ ಬಂದ ದಿನವೂ ಆದೀತು. ಬಿಡಿ ಫೋಟೊ ಬಂದರೆ ಬಂತು. ಇದನ್ನು ತಿರುಗಿಸಿ, ಬಿಡಿ ಫೋಟೊವನ್ನೇ ಕಡ್ಡಾಯ ಮಾಡಿಕೊಂಡವರು ಬೇಗ ದಣಿಯುತ್ತಾರೆ, ಯಾಕೆಂದರೆ ದಿನಾ ಹೊಸದೇನನ್ನೋ ಹುಡುಕುವ ಹೊರೆ ಅವರ ಮೇಲಿರುತ್ತದೆ.

ಒಂದೇ ಬಗೆಯದನ್ನು ಒಂದಕ್ಕಿಂತ ಹೆಚ್ಚು ತೆಗೆದಿದ್ದರೆ ಅದೇ ದಿನ ಒಂದನ್ನು ಆರಿಸಿ, ಉಳಿದದ್ದನ್ನು ಅಳಿಸಿಬಿಡಿ. ನ್ಯೂಯಾರ್ಕಿನ ಛಾಯಾಗ್ರಾಹಕ ಜೇಮಿ ಲಿವಿಂಗ್‌ಸ್ಟನ್ 1979ರ ಮಾರ್ಚ್ 31ರಿಂದ 1997ರ ಅಕ್ಟೋಬರ್ 25ರಂದು ತೀರಿಕೊಳ್ಳುವವರೆಗೆ ದಿನಕ್ಕೊಂದು ಪೋಲರಾಯ್ಡ್ (ತೆಗೆದ ಕೂಡಲೇ ಹಾಳೆಯ ಮೇಲೆ ಮೂಡುವ ಫೋಟೊ) ತೆಗೆದರು. ಒಟ್ಟು 6,000ಕ್ಕೂ ಹೆಚ್ಚು. ಪೋಲರಾಯ್ಡ್‌ನಲ್ಲಿ ಪ್ರತಿ ಫೋಟೊಗೂ ಒಂದು ಹಾಳೆ ಖರ್ಚು, ಹಾಗಾಗಿ ಹತ್ತು ತೆಗೆದು ಒಂದನ್ನು ಆರಿಸುವ ಆಮಿಷ ಕಡಿಮೆ. ಮೊಬೈಲಿನಲ್ಲಿ ಆ ಕಟ್ಟುಪಾಡನ್ನು ನೀವೇ ಹಾಕಿಕೊಳ್ಳಬೇಕು. ಆರಿಸುವ ಕೆಲಸವನ್ನು ವಾರಾಂತ್ಯಕ್ಕೆ ತಳ್ಳಿದರೆ ನೂರಾರು ಫೋಟೊಗಳ ರಾಶಿ ಬೀಳುತ್ತದೆ. ಅಭ್ಯಾಸ ನಿಲ್ಲುವುದು ಬಹುತೇಕ ಆ ರಾಶಿಯ ಎದುರಿಗೇ.

ಸ್ಥಿರ ಫೋಟೊದ ಜಾಗ ಕಟ್ಟುವುದು

ಇದಕ್ಕೆ ಒಂದು ಗಂಟೆ ಕೊಡಿ. ಒಮ್ಮೆ ಸರಿಯಾಗಿ ಮಾಡಿದರೆ ಮತ್ತೆ ಆ ಉಸಾಬರಿ ಇರುವುದಿಲ್ಲ.

1. ಟ್ರೈಪಾಡ್ ಅಥವಾ ಗೋಡೆಗೆ ಕಚ್ಚಿಸುವ ಮೊಬೈಲ್ ಹಿಡಿಕೆ ಬೇಕು. ಟ್ರೈಪಾಡ್ ಆದರೆ ಮೂರು ಕಾಲೂ ನೆಲ ಮುಟ್ಟುವ ಕಡೆ ಮಾಸ್ಕಿಂಗ್ ಟೇಪ್ ಅಂಟಿಸಿ ಗುರುತು ಹಾಕಿ. ನಡುಗಂಬವನ್ನು ಎಷ್ಟು ಎತ್ತರಿಸಿದ್ದೀರೋ ಅಲ್ಲೂ ಪೆನ್ನಿನಿಂದ ಗೆರೆ ಎಳೆಯಿರಿ. ಬಹಳ ಜನ ನೆಲದ ಗುರುತು ಹಾಕಿ ಎತ್ತರದ ಗುರುತನ್ನು ಮರೆಯುತ್ತಾರೆ.

2. ಲೆನ್ಸ್ ಕೃತಿಯ ನಡುಮಧ್ಯದ ಎತ್ತರಕ್ಕಿರಲಿ. ಕೆಳಗಿನಿಂದ ಮೇಲೆ ನೋಡಿದರೆ ಆಯತ ಮೇಲುಗಡೆ ಕಿರಿದಾಗಿ ಕಾಣುತ್ತದೆ. ಈಸಲ್ ಮೇಲಿನ ಕ್ಯಾನ್ವಾಸ್ ಹಿಂದಕ್ಕೆ ಬಾಗಿದ್ದರೆ ಮೊಬೈಲನ್ನೂ ಅಷ್ಟೇ ಬಾಗಿಸಿ. ಸರಿಯಾಗಿದೆಯೇ ಎಂದು ನೋಡಲು ಒಂದು ಸಣ್ಣ ಕನ್ನಡಿಯನ್ನು ಕ್ಯಾನ್ವಾಸಿನ ನಡುವೆ ಚಪ್ಪಟೆಯಾಗಿ ಹಿಡಿಯಿರಿ: ಪರದೆಯ ಮಧ್ಯದಲ್ಲಿ ಲೆನ್ಸಿನ ಪ್ರತಿಬಿಂಬ ಕಂಡರೆ ಎರಡೂ ಒಂದಕ್ಕೊಂದು ನೇರವಾಗಿವೆ.

3. ಅಗಲ ಕೋನದ 0.5 ಲೆನ್ಸ್ ಬೇಡ. ಅದು ಅಂಚಿನ ವಸ್ತುಗಳನ್ನು ಎಳೆದು ಹಿಗ್ಗಿಸುತ್ತದೆ. ಮಾಮೂಲಿ 1x ಸಾಕು. ಹಿಂದೆ ಸರಿಯಲು ಜಾಗವಿದ್ದರೆ 2x ಇನ್ನೂ ಒಳ್ಳೆಯದು, ದೂರದಿಂದ ತೆಗೆದಷ್ಟೂ ಆಕಾರ ಸೊಟ್ಟಗಾಗುವುದು ಕಡಿಮೆ.

4. ಕೃತಿಯ ಸುತ್ತ ಹತ್ತರಲ್ಲೊಂದು ಪಾಲಿನಷ್ಟು ಖಾಲಿ ಜಾಗ ಬಿಡಿ. ಮುಂದೆ ಫೋಟೊಗಳನ್ನು ಒಂದರ ಮೇಲೊಂದು ಹೊಂದಿಸುವಾಗ ತುಸು ತಿರುಗಿಸಿ ಕತ್ತರಿಸಬೇಕಾಗುತ್ತದೆ. ಅಂಚು ಬಿಟ್ಟಿರದಿದ್ದರೆ ಕೃತಿಯೇ ಕತ್ತರಿ ಪಾಲಾಗುತ್ತದೆ.

5. ಚೌಕಟ್ಟಿನೊಳಗೆ ಅಲುಗಾಡದ ಒಂದು ವಸ್ತು ಇರಲಿ: ಕಿಟಕಿಯ ಮೂಲೆ, ಗೋಡೆಯ ಸ್ವಿಚ್ ಬೋರ್ಡ್, ಕಪಾಟಿನ ಅಂಚು. ಕ್ಯಾನ್ವಾಸ್ ಬದಲಾಗುತ್ತದೆ, ಈಸಲ್ ಸರಿಯುತ್ತದೆ. ಫೋಟೊಗಳನ್ನು ಹೊಂದಿಸಲು ಆಧಾರವಾಗಿ ಉಳಿಯುವುದು ಈ ವಸ್ತು ಮಾತ್ರ.

6. ಎರಡು ಅಥವಾ ಮೂರು ಸೆಕೆಂಡಿನ ಟೈಮರ್ ಇಡಿ. ಗುಂಡಿ ಒತ್ತುವಾಗ ಆಗುವ ಅಲುಗಾಟ ಅಷ್ಟರಲ್ಲಿ ನಿಂತಿರುತ್ತದೆ.

ಮೇಜಿನ ಮೇಲೆ ಕೆಲಸ ಮಾಡುವವರು, ಅಂದರೆ ಮಿನಿಯೇಚರ್, ಅಕ್ಷರಕಲೆ, ಮುದ್ರಣಕಲೆಯವರು, ಮೇಲಿನಿಂದ ನೇರ ಕೆಳಗೆ ನೋಡುವಂತೆ ಮೊಬೈಲ್ ಕಟ್ಟಬೇಕು. ಆಗ ಎರಡು ಎಡವಟ್ಟು ಸಾಮಾನ್ಯ. ಮೊಬೈಲಿನ ನೆರಳೇ ಕಾಗದದ ಮೇಲೆ ಬೀಳುತ್ತದೆ. ದೀಪವನ್ನು ಪಕ್ಕಕ್ಕೆ ಸರಿಸಿದರೆ ಸರಿಹೋಗುತ್ತದೆ. ಇನ್ನೊಂದು, ಹತ್ತಿರದಿಂದ ತೆಗೆಯುವಾಗ ಕೆಲವು ಮೊಬೈಲ್‌ಗಳು ತಾವಾಗಿ ಮ್ಯಾಕ್ರೊಗೆ ಹೊರಳಿ ಬೇರೆ ಲೆನ್ಸ್ ಬಳಸುತ್ತವೆ, ಚೌಕಟ್ಟು ಒಮ್ಮೆಲೇ ಬದಲಾಗುತ್ತದೆ. ಆಟೊ ಮ್ಯಾಕ್ರೊವನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿಡಿ.

ಆಫ್ ಮಾಡಿಡಬೇಕಾದವು ಇನ್ನೂ ಇವೆ: ದೃಶ್ಯ ಗುರುತಿಸಿ ಬಣ್ಣ ಏರಿಸುವ ಆಯ್ಕೆ, ಫಿಲ್ಟರ್, ಬ್ಯೂಟಿ ಮೋಡ್, ರಾತ್ರಿ ಮೋಡ್, ಫ್ಲ್ಯಾಶ್. ಇವು ಒಂದೊಂದು ದಿನ ಒಂದೊಂದು ಬಗೆಯಲ್ಲಿ ಬಣ್ಣ ತಿದ್ದುತ್ತವೆ. ನಿಮ್ಮ ಹಸಿರು ನಿನ್ನೆಯಿಂದ ಇವತ್ತಿಗೆ ಬದಲಾಯಿತೋ, ಮೊಬೈಲಿನ ಹಸಿರು ಬದಲಾಯಿತೋ ಎಂದು ಆಮೇಲೆ ಹೇಳಲಾಗದು.

ಲೆನ್ಸ್ ಒರೆಸುವ ವಿಷಯ ಚಿಕ್ಕದು, ಆದರೆ ಕಲಾವಿದರ ಮೊಬೈಲಿಗೆ ಅದೇ ದೊಡ್ಡ ಶತ್ರು. ಎಣ್ಣೆ ಬೆರಳಿನ ಗುರುತು ಬಿದ್ದರೆ ದೀಪದ ಸುತ್ತ ಮಂಜು ಕವಿದಂತಾಗಿ ಕಪ್ಪು ಬಣ್ಣ ಬೂದಿಯಾಗುತ್ತದೆ. ಮೈಕ್ರೊಫೈಬರ್ ಬಟ್ಟೆಯನ್ನು ಟ್ರೈಪಾಡಿಗೇ ಕಟ್ಟಿಡಿ. ಟರ್ಪೆಂಟೈನ್ ಮುಟ್ಟಿದ ಕುಂಚದ ಬಟ್ಟೆಯಿಂದ ಮಾತ್ರ ಒರೆಸಬೇಡಿ, ಲೆನ್ಸಿನ ಲೇಪಕ್ಕೂ ಪ್ಲಾಸ್ಟಿಕ್ಕಿಗೂ ಅದು ಕೇಡು. ಇದ್ದಿಲು, ಪೇಸ್ಟಲ್ ಬಳಸುವವರು ಮೊಬೈಲನ್ನು ಕೆಲಸ ಮಾಡುವಾಗ ಜಿಪ್ ಚೀಲದೊಳಗಿಟ್ಟು, ಫೋಟೊ ತೆಗೆಯುವ ಕ್ಷಣಕ್ಕೆ ಮಾತ್ರ ಹೊರತೆಗೆಯಲಿ.

ಬೆಳಕು

ಕಿಟಕಿಯ ಬೆಳಕಿನಲ್ಲಿ ತೆಗೆದರೆ ಹೊತ್ತು ನಿಗದಿ ಮಾಡಲೇಬೇಕು. ಬೆಳಗಿನದು, ಮಧ್ಯಾಹ್ನದ್ದು, ಸಂಜೆಯದು ಮೂರೂ ಬೇರೆ ಬೇರೆ ಬಣ್ಣ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ: ಹಳದಿ ಛಾಯೆಯ ಬಲ್ಬು ಸುಮಾರು 2,700–3,000, ನಡುಹಗಲಿನ ಬಿಸಿಲು 5,500ರ ಆಸುಪಾಸು, ನೀಲಿ ಆಕಾಶದಿಂದ ಬರುವ ನೆರಳಿನ ಬೆಳಕು 7,000 ದಾಟುತ್ತದೆ. ಕ್ಯಾಮೆರಾದ ಆಟೊ ವೈಟ್ ಬ್ಯಾಲೆನ್ಸ್ ಇದನ್ನೆಲ್ಲ ಸರಿದೂಗಿಸಲು ನೋಡುತ್ತದೆ, ಆದರೆ ಅದು ಚೌಕಟ್ಟಿನೊಳಗಿನ ಬಣ್ಣಗಳನ್ನು ನೋಡಿ ಊಹಿಸುತ್ತದೆ. ಕ್ಯಾನ್ವಾಸಿನ ತುಂಬ ಕೆಂಪಿದ್ದರೆ "ಬೆಳಕೇ ಕೆಂಪಗಿದೆ" ಎಂದುಕೊಂಡು ನೀಲಿಯತ್ತ ಎಳೆಯುತ್ತದೆ. ಕೆಂಪು ಚಿತ್ರದ ಫೋಟೊ ಯಾವಾಗಲೂ ಸತ್ತ ಕೆಂಪಾಗಿ ಬರುತ್ತದೆಂದು ದೂರುವವರ ತೊಂದರೆ ಹಲವು ಸಲ ಇದೇ ಆಗಿರುತ್ತದೆ.

ಪರಿಹಾರ ಎರಡು. ಪ್ರೊ ಮೋಡ್ (ಎಲ್ಲವನ್ನೂ ನಾವೇ ಹೊಂದಿಸುವ ಆಯ್ಕೆ) ಇದ್ದರೆ ವೈಟ್ ಬ್ಯಾಲೆನ್ಸನ್ನು ಒಂದು ಸಂಖ್ಯೆಗೆ ಕಟ್ಟಿಹಾಕಿ; ಕಿಟಕಿ ಬೆಳಕಿಗೆ 5,500, ದೀಪಕ್ಕೆ ಅದರ ಡಬ್ಬಿಯ ಮೇಲಿರುವ ಸಂಖ್ಯೆ. ಇಲ್ಲದಿದ್ದರೆ ಛಾಯಾಗ್ರಾಹಕರು ಬಳಸುವ ಶೇ 18ರ ಬೂದು ಕಾರ್ಡನ್ನು ಚೌಕಟ್ಟಿನ ಮೂಲೆಯಲ್ಲಿ ಕಾಯಂ ಆಗಿ ನಿಲ್ಲಿಸಿ. ಆಮೇಲೆ ಯಾವುದೇ ಎಡಿಟಿಂಗ್ ಆ್ಯಪ್‌ನಲ್ಲಿ ಆ ಬೂದು ಭಾಗವನ್ನು ಮುಟ್ಟಿ ತೋರಿಸಿದರೆ ಇಡೀ ಫೋಟೊದ ಬಣ್ಣ ಸರಿಯಾಗುತ್ತದೆ. ಬಿಳಿ ಕಾಗದ ಇದಕ್ಕೆ ಆಗಿಬರುವುದಿಲ್ಲ. ಬಹುಪಾಲು ಕಾಗದಗಳಲ್ಲಿ ಹೊಳಪಿಗಾಗಿ ಬೆರೆಸಿದ ರಾಸಾಯನಿಕ ಇರುತ್ತದೆ, ಹಗಲು ಬೆಳಕಿನಲ್ಲಿ ಅದು ನೀಲಿ ಸೂಸುತ್ತದೆ.

ಎರಡು ಬಗೆಯ ಬೆಳಕು ಬೆರೆತರೆ ಯಾವ ತಿದ್ದುಪಡಿಯೂ ನಡೆಯದು. ಒಂದು ಕಡೆ ಕಿಟಕಿ, ಮೇಲೆ ಹಳದಿ ಬಲ್ಬು ಇದ್ದರೆ ಕ್ಯಾನ್ವಾಸಿನ ಅರ್ಧ ನೀಲಿ, ಅರ್ಧ ಕಿತ್ತಳೆ. ಫೋಟೊ ತೆಗೆಯುವಾಗ ಒಂದನ್ನೇ ಉಳಿಸಿಕೊಳ್ಳಿ: ದೀಪ ಆಫ್ ಮಾಡಿ, ಇಲ್ಲವೇ ಕಿಟಕಿಯ ಪರದೆ ಎಳೆಯಿರಿ. ರಾತ್ರಿ ಕೆಲಸ ಮಾಡುವವರಿಗೆ ದೀಪವೇ ಗತಿ. ಡಬ್ಬಿಯ ಮೇಲೆ ಸಿಆರ್‌ಐ (ದೀಪ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆಂಬ ಅಳತೆ) 90 ಅಥವಾ ಅದಕ್ಕಿಂತ ಹೆಚ್ಚು ಎಂದಿರುವ ಎಲ್‌ಇಡಿ ಕೊಳ್ಳಿ. ಸಿಆರ್‌ಐ ಕಡಿಮೆಯಿರುವ ದೀಪದಡಿ ಕೆಂಪುಗಳು ಮಂಕಾಗುತ್ತವೆ, ಅದನ್ನು ಆಮೇಲೆ ತಿದ್ದಿ ತರಲಾಗುವುದಿಲ್ಲ.

ಫೋಟೊದಲ್ಲಿ ಅಡ್ಡಡ್ಡ ಕಪ್ಪು ಪಟ್ಟೆಗಳು ಬರುತ್ತಿವೆಯೇ? ಅದು ದೀಪದ ಮಿಣುಕು. ವಿದ್ಯುತ್ 50 ಹರ್ಟ್ಸ್ ಇರುವ ದೇಶಗಳಲ್ಲಿ ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ, ಶಟರ್ ವೇಗ (ಶಟರ್ ತೆರೆದಿರುವ ಹೊತ್ತು) 1/50 ಅಥವಾ 1/100 ಸೆಕೆಂಡ್ ಇಟ್ಟರೆ ಪಟ್ಟೆ ಹೋಗುತ್ತದೆ. 60 ಹರ್ಟ್ಸ್ ಇರುವಲ್ಲಿ 1/60 ಅಥವಾ 1/120. ಹೀಗಿಟ್ಟರೂ ಹೋಗದಿದ್ದರೆ ಡಿಮ್ಮರ್ ಮೇಲೆ ಅನುಮಾನಪಡಿ. ದೀಪವನ್ನು ಪೂರ್ತಿ ಏರಿಸಿ ನೋಡಿ.

ಒದ್ದೆ ತೈಲವರ್ಣ, ವಾರ್ನಿಷ್, ಹೊಳಪಿನ ಆಕ್ರಿಲಿಕ್ ಎಲ್ಲವೂ ಪ್ರತಿಫಲನದ ತಕರಾರು ಕೊಡುತ್ತವೆ. ಎರಡು ದೀಪಗಳನ್ನು ಕ್ಯಾನ್ವಾಸಿನ ಎರಡೂ ಪಕ್ಕ 45 ಡಿಗ್ರಿ ಕೋನದಲ್ಲಿ, ಸಮಾನ ದೂರದಲ್ಲಿ ಇಡುವುದು ಹಳೆಯ, ಗಟ್ಟಿಯಾದ ಉಪಾಯ. ದೀಪ ಒಂದೇ ಇದ್ದರೆ ಎದುರು ಪಕ್ಕದಲ್ಲಿ ಬಿಳಿ ಥರ್ಮೊಕೋಲ್ ಹಲಗೆ ನಿಲ್ಲಿಸಿ. ಲೆನ್ಸಿಗೆ ಸಿಕ್ಕಿಸುವ ಪೋಲರೈಸರ್ ಎಂಬ ಫಿಲ್ಟರ್ ತಿರುಗಿಸಿದರೆ ಹೊಳಪು ಸ್ವಲ್ಪ ಇಳಿಯುತ್ತದೆ. ಆದರೆ ಅದು ಬೆಳಕನ್ನೂ ನುಂಗುತ್ತದೆ, ಟ್ರೈಪಾಡ್ ಇಲ್ಲದೆ ಬೇಡ. ಗಮನಕ್ಕೆ ಬಾರದ ಇನ್ನೊಂದು ಮೂಲ ನೀವು ತೊಟ್ಟ ಬಟ್ಟೆ. ಕ್ಯಾಮೆರಾದ ಪಕ್ಕ ಕಿತ್ತಳೆ ಅಂಗಿ ತೊಟ್ಟು ನಿಂತರೆ ಹೊಳೆಯುವ ಕಪ್ಪು ಬಣ್ಣದ ಮೇಲೆ ಕಿತ್ತಳೆ ಮಚ್ಚೆ ಮೂಡುತ್ತದೆ. ಫೋಟೊದ ಹೊತ್ತಿಗೆ ಕಪ್ಪು ಏಪ್ರನ್ ಸಾಕು.

ಇದಕ್ಕೆ ತದ್ವಿರುದ್ಧವಾಗಿ, ದಪ್ಪ ಬಣ್ಣದ ಏರಿಳಿತ, ಕಾಗದದ ಉಬ್ಬು, ಕೆತ್ತನೆಯ ಆಳ ಕಾಣಬೇಕಾದರೆ ದೀಪವನ್ನು ಮೇಲ್ಮೈಗೆ ಹೆಚ್ಚುಕಡಿಮೆ ಒರಗುವಷ್ಟು ತಗ್ಗಿಸಿ, 10–15 ಡಿಗ್ರಿಯಲ್ಲಿ ಒಂದೇ ಪಕ್ಕದಿಂದ ಹಾಯಿಸಿ. ವಾರಕ್ಕೊಮ್ಮೆ ಬಿಡಿ ಫೋಟೊದ ಬದಲು ಇದನ್ನು ತೆಗೆದರೆ ಒಳ್ಳೆಯದು. ಬಣ್ಣ ಬಿರುಕು ಬಿಡತೊಡಗಿದ್ದು, ಕ್ಯಾನ್ವಾಸ್ ಸಡಿಲಾದದ್ದು ಮೊದಲು ಕಾಣಿಸುವುದು ಇಂಥ ಬೆಳಕಿನಲ್ಲೇ.

ಎಕ್ಸ್‌ಪೋಷರ್ (ಫೋಟೊಗೆ ಸಿಗುವ ಬೆಳಕಿನ ಪ್ರಮಾಣ) ಬಗ್ಗೆ ಒಂದೇ ಮಾತು ನೆನಪಿಟ್ಟರೆ ಆಯಿತು: ಕ್ಯಾಮೆರಾ ಎಲ್ಲವನ್ನೂ ನಡು ಬೂದುಬಣ್ಣಕ್ಕೆ ತರಲು ನೋಡುತ್ತದೆ. ಬಿಳಿ ಕಾಗದದ ಮೇಲಿನ ಪೆನ್ಸಿಲ್ ಚಿತ್ರ ಬೂದಿಯಾಗಿ ಬಂದರೆ +0.7ರಿಂದ +1ರಷ್ಟು ಏರಿಸಿ. ಕಪ್ಪು ನೆಲದ ಚಿತ್ರ ಬಿಳಿಚಿಕೊಂಡರೆ ಅಷ್ಟೇ ಇಳಿಸಿ. ಸರಿಯಾದ ಮಟ್ಟ ಸಿಕ್ಕ ಮೇಲೆ ಪರದೆಯನ್ನು ಒತ್ತಿಹಿಡಿದು ಫೋಕಸ್ಸನ್ನೂ ಎಕ್ಸ್‌ಪೋಷರನ್ನೂ ಲಾಕ್ ಮಾಡಿ. ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮವೆಂಬ ಸಂಖ್ಯೆ) 400ರ ಒಳಗಿದ್ದರೆ ಕಾಗದದ ನಯ ಉಳಿಯುತ್ತದೆ. ಮೇಲೇರಿದರೆ ಮೊಬೈಲ್ ಕಾಳುಕಾಳನ್ನು ಉಜ್ಜಿ ತೆಗೆಯುವ ನೆಪದಲ್ಲಿ ಇದ್ದಿಲಿನ ಪುಡಿ ಗುರುತನ್ನೂ ಉಜ್ಜಿಬಿಡುತ್ತದೆ.

ಒದ್ದೆ ಮತ್ತು ಒಣ

ಫೋಟೊ ತೆಗೆಯುವ ಗಳಿಗೆ ಮಾಧ್ಯಮಕ್ಕೆ ತಕ್ಕ ಹಾಗಿರಬೇಕು. ಜಲವರ್ಣ ಒದ್ದೆಯಿದ್ದಾಗ ಗಾಢ, ಒಣಗಿದ ಮೇಲೆ ತಿಳಿ. ಆಕ್ರಿಲಿಕ್‌ನದು ಉಲ್ಟಾ: ಒದ್ದೆಯಿದ್ದಾಗ ಅದರ ಅಂಟು ಹಾಲಿನಂತೆ ಬೆಳ್ಳಗಿರುತ್ತದೆ, ಒಣಗಿದಾಗ ಪಾರದರ್ಶಕವಾಗಿ ಬಣ್ಣ ಗಾಢವಾಗುತ್ತದೆ. ಒಂದು ದಿನ ಒದ್ದೆಯಲ್ಲಿ, ಮರುದಿನ ಒಣಗಿದ ಮೇಲೆ ತೆಗೆದರೆ ಎರಡನ್ನೂ ಹೋಲಿಸಿ ಪ್ರಯೋಜನವಿಲ್ಲ. ಜಲವರ್ಣದವರು ಮರುದಿನ ಬೆಳಿಗ್ಗೆ, ಕುಂಚ ಅದ್ದುವ ಮೊದಲು ತೆಗೆಯುವುದು ಲೇಸು. ತೈಲವರ್ಣ ದಿನಗಟ್ಟಲೆ ಒದ್ದೆಯಾಗೇ ಇರುವುದರಿಂದ ಅದಕ್ಕೆ ಈ ಕಟ್ಟಳೆ ಬೇಡ. ಕೆಲಸ ಮುಗಿಸಿ ಕುಂಚ ತೊಳೆಯುವ ಮೊದಲಿನ ಗಳಿಗೆ ಸರಿ, ಪ್ಯಾಲೆಟ್ ಇನ್ನೂ ಹಾಗೇ ಇರುತ್ತದೆ.

ಮಣ್ಣಿನ ಕೆಲಸದವರು ಚೌಕಟ್ಟಿನೊಳಗೆ ಒಂದು ಸ್ಕೇಲ್ ಇಡಲಿ. ಹಸಿ ಮಣ್ಣು ಒಣಗಿ ಸುಟ್ಟು ಹೊರಬರುವ ಹೊತ್ತಿಗೆ ಹತ್ತರಲ್ಲೊಂದು ಪಾಲಿನ ಆಸುಪಾಸು ಕುಗ್ಗುತ್ತದೆ. ಸ್ಕೇಲ್ ಜೊತೆಗಿನ ಮೂರು ಫೋಟೊ, ಅಂದರೆ ಹಸಿ, ಒಣ, ಸುಟ್ಟದ್ದು ಇದ್ದರೆ ನಿಮ್ಮ ಮಣ್ಣು ನಿಜಕ್ಕೂ ಎಷ್ಟು ಕುಗ್ಗುತ್ತದೆಂಬ ಲೆಕ್ಕ ಕೈಗೆ ಸಿಗುತ್ತದೆ, ಮುಂದಿನ ಮುಚ್ಚಳ ಸರಿಯಾಗಿ ಕೂರುತ್ತದೆ.

ಬಿಡಿ ಫೋಟೊಗೆ ಏನನ್ನು ಹಿಡಿಯುವುದು

ಮುಗಿದ ಕೃತಿಯನ್ನು ಬಿಡಿ. ಅದರ ಫೋಟೊ ಹೇಗೂ ಇರುತ್ತದೆ. ಕಣ್ಮರೆಯಾಗುವ ವಸ್ತುಗಳ ಕಡೆ ನೋಡಿ. ಪ್ಯಾಲೆಟ್ ಮೇಲೆ ಬಣ್ಣ ಬೆರೆಸಿದ ಜಾಗ ಸಂಜೆಗೆ ಒರೆಸಿಹೋಗುತ್ತದೆ, ಅದರಲ್ಲಿ ಆ ದಿನದ ಮಿಶ್ರಣದ ಇಡೀ ಲೆಕ್ಕ ಇರುತ್ತದೆ. ಕೈಬಿಟ್ಟ ಮೂರು ಕರಡುಗಳು ಪಕ್ಕಪಕ್ಕ. ಗೋಡೆಗೆ ಅಂಟಿಸಿದ ಚೀಟಿಗಳು. ಕುಂಚದ ಸವೆದ ತುದಿ: ಒಂದೇ ಕುಂಚವನ್ನು ತಿಂಗಳಿಗೊಮ್ಮೆ ಹಿಡಿದರೆ ಅದು ಎಷ್ಟು ಬಾಳಿತೆಂದು ತಿಳಿಯುತ್ತದೆ. ಕೆಲಸವೇ ನಡೆಯದ ದಿನ ಖಾಲಿ ಕುರ್ಚಿಯೂ ದಾಖಲೆಯೇ.

ಕೈಯ ಚಲನೆ ಹಿಡಿಯಬೇಕಾದರೆ ಶಟರ್ 1/250 ಇಟ್ಟರೆ ಬೆರಳು ಸ್ಪಷ್ಟ ನಿಲ್ಲುತ್ತದೆ. ಟ್ರೈಪಾಡ್ ಮೇಲೆ 1/15 ಇಟ್ಟರೆ ಕಾಗದ ಸ್ಪಷ್ಟ, ಕೈ ಮಸುಕು. ಎರಡನೆಯದರಲ್ಲಿ ಕೆಲಸದ ವೇಗ ಕಾಣುತ್ತದೆ, ಅದೇ ಹೆಚ್ಚು ನಿಜವೆನ್ನಿಸುತ್ತದೆ.

ಯಾವುದನ್ನು ಬಿಡಬೇಕೆಂಬುದೂ ತಿಳಿದಿರಲಿ. ಮಾಡೆಲ್, ವಿದ್ಯಾರ್ಥಿ, ಬಂದುಹೋಗುವವರ ಮುಖ ಅವರನ್ನು ಕೇಳದೆ ಬೇಡ. ಪಾರ್ಸೆಲ್ ಮೇಲಿನ ವಿಳಾಸ, ಪರದೆಯ ಮೇಲೆ ತೆರೆದಿಟ್ಟ ಪತ್ರ, ಇನ್ನೂ ಕೊಟ್ಟಿಲ್ಲದ ಗ್ರಾಹಕರ ಕೆಲಸ ಫೋಟೊದ ಮೂಲೆಯಲ್ಲಿ ಸಿಕ್ಕಿಕೊಂಡಿರುವುದು ಗೊತ್ತೇ ಆಗುವುದಿಲ್ಲ. ಹಂಚಿಕೊಳ್ಳುವವರು ಕ್ಯಾಮೆರಾದ ಸ್ಥಳ ದಾಖಲಿಸುವ ಆಯ್ಕೆಯನ್ನು ಆಫ್ ಮಾಡಿಡಲಿ; ಬೆಲೆಬಾಳುವ ಸಾಮಗ್ರಿ ಇರುವ ಕೋಣೆ ಎಲ್ಲಿದೆಯೆಂದು ಫೈಲೇ ಹೇಳಿಬಿಡುತ್ತದೆ.

ಅಂದಿನ ಸಾಲು ಅಂದೇ

ಫೋಟೊ ಒಂದೇ ಸಾಲದು, ಜೊತೆಗೆ ಒಂದು ಸಾಲು ಬೇಕು. ಈ ಒಂದು ವಿಷಯದಲ್ಲಿ ನಮ್ಮದು ಹಟ. ವಾರ ಕಳೆದರೆ ಆ ನೀಲಿ ಯಾವುದೆಂದು ನೆನಪಿರುವುದಿಲ್ಲ, ಫೋಟೊ ನೋಡಿ ಹೇಳಲೂ ಆಗುವುದಿಲ್ಲ. ಸಾಲಿನಲ್ಲಿ ಮೂರು ಸಂಗತಿ ಇರಲಿ: ಏನು ಮಾಡಿದಿರಿ, ಯಾವುದರಿಂದ ಮಾಡಿದಿರಿ, ಎಲ್ಲಿ ನಿಂತಿತು. ಉದಾಹರಣೆಗೆ: "ಹಿನ್ನೆಲೆಗೆ ಎರಡನೇ ಲೇಪ. ಪಿಬಿ 29 + ಪಿಬಿಆರ್ 7, ಎರಡಕ್ಕೆ ಒಂದು. 300 ಗ್ರಾಂ ಕೋಲ್ಡ್ ಪ್ರೆಸ್ ಕಾಗದ. ಬಲ ಅಂಚು ಕೆಸರಾಯಿತು, ಒಣಗುವ ಮೊದಲೇ ಮುಟ್ಟಿದೆ."

ಬಣ್ಣದ ಹೆಸರಿನ ಬದಲು ಟ್ಯೂಬಿನ ಹಿಂದೆ ಸಣ್ಣಕ್ಷರದಲ್ಲಿರುವ ವರ್ಣದ್ರವ್ಯದ ಸಂಕೇತ ಬರೆಯಿರಿ. ಪಿಬಿ 29 ಎಂದರೆ ಅಲ್ಟ್ರಾಮರೀನ್ ನೀಲಿ, ಯಾರು ತಯಾರಿಸಿದರೂ ಅದೇ ವರ್ಣದ್ರವ್ಯ. ಹೆಸರುಗಳ ಮಾತು ಹಾಗಲ್ಲ. ಒಬ್ಬರ 'ಆಕಾಶ ನೀಲಿ' ಇನ್ನೊಬ್ಬರ ಡಬ್ಬಿಯಲ್ಲಿ ಬೇರೆಯೇ ಮಿಶ್ರಣ. ಪಿಬಿಆರ್ 7ರಂಥ ಮಣ್ಣುಬಣ್ಣಕ್ಕೆ ಮಾತ್ರ ಹೆಸರನ್ನೂ ಸೇರಿಸಿ, ಯಾಕೆಂದರೆ ಬರ್ಂಟ್ ಅಂಬರ್, ಬರ್ಂಟ್ ಸಿಯೆನ್ನಾ ಎರಡೂ ಅದೇ ಸಂಕೇತದಡಿ ಬರುತ್ತವೆ.

ಬರೆಯುವುದೆಲ್ಲಿ? ಮೊಬೈಲ್ ಗ್ಯಾಲರಿಯ ವಿವರಣೆಯ ಜಾಗದಲ್ಲಿ ಬರೆದರೆ ಕೆಲವು ಆ್ಯಪ್‌ಗಳು ಅದನ್ನು ಫೈಲಿನೊಳಗೆ ಸೇರಿಸುವುದೇ ಇಲ್ಲ, ಬೇರೆಡೆಗೆ ನಕಲಿಸಿದಾಗ ಸಾಲು ಹಿಂದೆ ಉಳಿದುಬಿಡುತ್ತದೆ. ದಿನಾಂಕ ಹಾಕಿದ ಸಾದಾ ಟೆಕ್ಸ್ಟ್ ಫೈಲ್ ಅಥವಾ ಒಂದು ನೋಟ್‌ಬುಕ್ ಹೆಚ್ಚು ನಂಬಿಕಸ್ಥ.

ಫೈಲುಗಳ ಬಾಳಿಕೆ

ಹೆಸರು ವರ್ಷ-ತಿಂಗಳು-ದಿನ ಎಂಬ ಕ್ರಮದಲ್ಲಿರಲಿ: 2026-03-14_1, 2026-03-14_2. ಒಂದು ಸ್ಥಿರ, ಎರಡು ಬಿಡಿ. ಹೀಗಿಟ್ಟರೆ ಯಾವ ಕಂಪ್ಯೂಟರಿನಲ್ಲಿ ತೆರೆದರೂ ಕಾಲಾನುಕ್ರಮದಲ್ಲೇ ನಿಲ್ಲುತ್ತವೆ. ದಿನವನ್ನು ಮೊದಲಿಟ್ಟರೆ ಎಲ್ಲ ತಿಂಗಳ ಒಂದನೇ ತಾರೀಕುಗಳು ಒಟ್ಟಿಗೆ ಸೇರಿ ಗೋಜಲಾಗುತ್ತದೆ.

ರಾತ್ರಿ ಕೆಲಸದವರು ದಿನ ಯಾವಾಗ ಮುಗಿಯುತ್ತದೆಂದು ಮೊದಲೇ ತೀರ್ಮಾನಿಸಬೇಕು. 1966ರ ಜನವರಿ 4ರಂದು ಆ ದಿನದ ತಾರೀಕನ್ನೇ ಬಿಡಿಸುವ ಚಿತ್ರಗಳನ್ನು ಶುರು ಮಾಡಿದ ಜಪಾನಿ ಕಲಾವಿದ ಆನ್ ಕವಾರಾ ಮಧ್ಯರಾತ್ರಿಯನ್ನೇ ಗಡಿ ಮಾಡಿಕೊಂಡಿದ್ದರು. ಅಷ್ಟರಲ್ಲಿ ಮುಗಿಯದ ಚಿತ್ರವನ್ನು ನಾಶ ಮಾಡುತ್ತಿದ್ದರು. ಅಷ್ಟು ಬಿಗಿ ಎಲ್ಲರಿಗೂ ಬೇಡ. ಬೆಳಗಿನ 4 ಗಂಟೆಯನ್ನು ಗಡಿ ಮಾಡಿಕೊಂಡರೂ ಸರಿಯೇ, ಆದರೆ ಫೈಲಿನ ಹೆಸರು ಆ ಗಡಿಯನ್ನೇ ಅನುಸರಿಸಲಿ.

12 ಮೆಗಾಪಿಕ್ಸೆಲ್ಲಿನ ಒಂದು ಜೆಪೆಗ್ ಫೋಟೊ ಸುಮಾರು 3ರಿಂದ 5 ಎಂಬಿ. ದಿನಕ್ಕೆರಡರಂತೆ ವರ್ಷಕ್ಕೆ 3 ಜಿಬಿ ಆಸುಪಾಸು, ಏನೂ ಅಲ್ಲ. ಸ್ಥಿರ ಫೋಟೊವನ್ನು ರಾ ಫೈಲಾಗಿ (ಕ್ಯಾಮೆರಾ ತಿದ್ದದೆ, ಕುಗ್ಗಿಸದೆ ಉಳಿಸುವ ರೂಪ) ತೆಗೆದರೆ ಒಂದಕ್ಕೆ 25 ಎಂಬಿಯಂತೆ ಲೆಕ್ಕ ಹಿಡಿದರೂ ವರ್ಷಕ್ಕೆ ಸುಮಾರು 9 ಜಿಬಿ. ಬಣ್ಣವನ್ನು ಆಮೇಲೆ ನಿಖರವಾಗಿ ತಿದ್ದಬೇಕೆನ್ನುವವರಿಗೆ ರಾ ತಕ್ಕದ್ದು, ಉಳಿದವರಿಗೆ ಜೆಪೆಗ್ ಧಾರಾಳ ಸಾಕು. ಮೂಲ ಫೈಲನ್ನು ಮಾತ್ರ ಎಂದೂ ತಿದ್ದಬೇಡಿ. ಜೆಪೆಗ್ಗನ್ನು ತೆರೆದು ತಿದ್ದಿ ಉಳಿಸಿದಂತೆಲ್ಲ ಅದರ ಗುಣಮಟ್ಟ ಇಳಿಯುತ್ತದೆ. ನಕಲು ಮಾಡಿ ತಿದ್ದಿ.

ಫೋಟೊವನ್ನು ಚಾಟ್ ಆ್ಯಪ್ ಮೂಲಕ ನಿಮಗೆ ನೀವೇ ಕಳಿಸಿಕೊಂಡು ಅದನ್ನೇ ಸಂಗ್ರಹ ಎಂದುಕೊಳ್ಳುವುದು ತೀರ ಸಾಮಾನ್ಯ ತಪ್ಪು. ಸಾಮಾನ್ಯ ಫೋಟೊವಾಗಿ ಕಳಿಸಿದರೆ ಅಂಥ ಆ್ಯಪ್‌ಗಳು ಅದನ್ನು ಕುಗ್ಗಿಸುತ್ತವೆ, ತೆಗೆದ ದಿನಾಂಕವಿರುವ ಒಳಮಾಹಿತಿಯನ್ನೂ ಕಿತ್ತುಹಾಕುತ್ತವೆ. ಕೇಬಲ್ಲಿನಿಂದ ನಕಲಿಸಿ, ಇಲ್ಲವೇ ಡಾಕ್ಯುಮೆಂಟ್ ರೂಪದಲ್ಲಿ ಕಳಿಸಿ.

ಬ್ಯಾಕಪ್‌ಗೆ 3-2-1 ಎಂಬ ಸೂತ್ರವಿದೆ: ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಜಾಗದಲ್ಲಿ. ಮೊಬೈಲ್, ಹಾರ್ಡ್ ಡಿಸ್ಕ್, ಕ್ಲೌಡ್ ಆದರೆ ಸೂತ್ರ ಪೂರ್ತಿಯಾಯಿತು. ಕ್ಲೌಡ್ ಸಿಂಕ್ ಒಂದನ್ನೇ ನೆಚ್ಚಬೇಡಿ. ಮೊಬೈಲಿನಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ.

ತಪ್ಪಿದ ದಿನ

ತಪ್ಪೇ ತಪ್ಪುತ್ತದೆ. ಮರುದಿನ ಎರಡು ತೆಗೆದು ಒಂದಕ್ಕೆ ಹಿಂದಿನ ತಾರೀಕು ಹಾಕಬೇಡಿ. ಒಂದು ಸಲ ಹಾಗೆ ಮಾಡಿದರೆ ಇಡೀ ಸಂಗ್ರಹದ ಮೇಲೆ ನಿಮಗೇ ನಂಬಿಕೆ ಹೋಗುತ್ತದೆ. ಜಾಗ ಖಾಲಿ ಬಿಟ್ಟು ಕಾರಣ ಬರೆಯಿರಿ. ಕಲಾವಿದ ತೆಹ್‌ಚಿಂಗ್ ಶೆ 1980ರ ಏಪ್ರಿಲ್ 11ರಿಂದ ಒಂದು ವರ್ಷ ಪ್ರತಿ ಗಂಟೆಗೊಮ್ಮೆ ಹಾಜರಿ ಗಡಿಯಾರ ಒತ್ತಿ, ಪ್ರತಿ ಸಲ ಸಿನಿಮಾ ಕ್ಯಾಮೆರಾದಲ್ಲಿ ತಮ್ಮ ಒಂದು ಚೌಕಟ್ಟು ತೆಗೆದರು. 8,760ರಲ್ಲಿ ತಪ್ಪಿದ್ದು 133. ಅದನ್ನೂ ವಿಂಗಡಿಸಿಟ್ಟರು: ನಿದ್ದೆ 94, ತಡ 29, ಹೊತ್ತಿಗೆ ಮುಂಚೆ 10. ನಿಮ್ಮ ಪಟ್ಟಿಯಲ್ಲೂ 'ಮರೆತೆ', 'ಊರಲ್ಲಿರಲಿಲ್ಲ', 'ಮನಸ್ಸಿರಲಿಲ್ಲ' ಎಂದು ಬೇರೆ ಬೇರೆ ನಮೂದಿಸಿ. 'ಮರೆತೆ' ಜಾಸ್ತಿಯಾದರೆ ಫೋಟೊದ ಹೊತ್ತು ಬದಲಾಯಿಸಿ, ಕುಂಚ ತೊಳೆಯುವಂಥ ತಪ್ಪದ ಕೆಲಸವೊಂದಕ್ಕೆ ಅದನ್ನು ಜೋಡಿಸಿ. 'ಮನಸ್ಸಿರಲಿಲ್ಲ' ಜಾಸ್ತಿಯಾದರೆ ಬಿಡಿ ಫೋಟೊವನ್ನು ಒಂದು ತಿಂಗಳು ನಿಲ್ಲಿಸಿ ಸ್ಥಿರವೊಂದನ್ನೇ ಮುಂದುವರಿಸಿ.

ಕೋಣೆ ಬದಲಾದರೆ, ಹೊಸ ಮೊಬೈಲ್ ಬಂದರೆ ಚೌಕಟ್ಟು ಬದಲಾಗುತ್ತದೆ. ಹಳೆಯದನ್ನು ಅನುಕರಿಸಲು ಹೆಣಗಬೇಡಿ. ಮೊಬೈಲ್ ಬದಲಾದಾಗ ಒಂದು ವಾರ ಎರಡರಲ್ಲೂ ತೆಗೆದು, ಅಲ್ಲಿಂದ ಹೊಸ ಸರಣಿ ಎಂದು ಗುರುತು ಹಾಕಿ.

ತಿಂಗಳ ಹಾಳೆ

ತೆಗೆದ ಫೋಟೊಗಳನ್ನು ನೋಡದಿದ್ದರೆ ತೆಗೆದೂ ವ್ಯರ್ಥ. ವರ್ಷದ ಕೊನೆಗೆ ವಿಡಿಯೊ ಮಾಡುವುದು ಎಲ್ಲರಿಗೂ ಇಷ್ಟ, ಆದರೆ ಸೆಕೆಂಡಿಗೆ 10 ಫೋಟೊದಂತೆ 365 ಫೋಟೊ ಮುಗಿಯಲು 36.5 ಸೆಕೆಂಡು ಸಾಕು. ನೋಡಿ ಖುಷಿಪಡಬಹುದು, ಅದರಿಂದ ಕಲಿಯುವುದು ಕಡಿಮೆ. ಕಲಿಸುವುದು ತಿಂಗಳ ಹಾಳೆ.

ಎ4 ಹಾಳೆಯನ್ನು ಅಡ್ಡ ಹಿಡಿದು ಸುತ್ತ 10 ಮಿಲಿಮೀಟರ್ ಅಂಚು ಬಿಡಿ. ವಾರದ ಏಳು ದಿನಕ್ಕೆ ಏಳು ಕಂಬ, ಹೆಚ್ಚೆಂದರೆ ಆರು ಸಾಲು. ಪ್ರತಿ ಫೋಟೊ 36 ಮಿ.ಮೀ. ಅಗಲ, 27 ಮಿ.ಮೀ. ಎತ್ತರ, ಕೆಳಗೆ ತಾರೀಕಿಗೆ ನಾಲ್ಕು ಮಿ.ಮೀ. ಜಾಗ ಉಳಿಯುತ್ತದೆ. ತಪ್ಪಿದ ದಿನದ ಚೌಕ ಖಾಲಿ ಇರಲಿ. ಕ್ಯಾಲೆಂಡರಿನ ಹಾಗೆ ಜೋಡಿಸುವುದಕ್ಕೆ ಕಾರಣವಿದೆ: ವಾರದ ಯಾವ ದಿನ ಯಾವತ್ತೂ ಖಾಲಿ, ಕೆಲಸ ನಿಜಕ್ಕೂ ಮುಂದೆ ಸಾಗುವುದು ಯಾವ ದಿನ ಎಂಬುದು ಕಂಬದುದ್ದಕ್ಕೂ ಕಾಣಿಸುತ್ತದೆ. ಜೊತೆಗೆ ಇಷ್ಟನ್ನು ನೋಡಿ: ಚಿತ್ರ ಈಗಿನದಕ್ಕಿಂತ ಚೆನ್ನಾಗಿದ್ದ ದಿನ ಯಾವುದಾದರೂ ಇತ್ತೇ? ಒಂದೇ ಮೂಲೆಯನ್ನು ಎಷ್ಟು ದಿನ ತಿದ್ದಿದಿರಿ? ಎಲ್ಲಿ ನಿಲ್ಲಿಸಬೇಕಿತ್ತೆಂಬುದು ಚಿಕ್ಕ ಗಾತ್ರದಲ್ಲಿ, ಒಟ್ಟಿಗೆ ನೋಡಿದಾಗ ಬೇಗ ಹೊಳೆಯುತ್ತದೆ.

ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್ ಸಾಕು, ಅಂದರೆ ಇಡೀ ಹಾಳೆ 3508 × 2480. ಆಮ್ಲರಹಿತ ಕಾಗದ, ಪಿಗ್ಮೆಂಟ್ ಶಾಯಿಯ ಪ್ರಿಂಟರ್ ಸಿಕ್ಕರೆ ಹಾಳೆ ಬಹುಕಾಲ ಬಾಳುತ್ತದೆ. ಡೈ ಶಾಯಿ ಬಿಸಿಲಿಗೆ ಬೇಗ ಮಾಸುತ್ತದೆ. ಹಿಂಬದಿಯಲ್ಲಿ ತಿಂಗಳು, ಕೃತಿಯ ಹೆಸರು, ಹಾರ್ಡ್ ಡಿಸ್ಕಿನ ಫೋಲ್ಡರ್ ಹೆಸರು ಬರೆದಿಡಿ. 2ಬಿ ಪೆನ್ಸಿಲ್ ಬಳಸಿ, ಕೈ ಹಗುರವಾಗಿರಲಿ. ಬಾಲ್‌ಪೆನ್ ಒತ್ತಿದರೆ ಗೆರೆ ಮುಂಬದಿಗೆ ಉಬ್ಬಿ ಕಾಣುತ್ತದೆ, ಅದರ ಶಾಯಿ ಮೇಲಿನ ಹಾಳೆಗೂ ಹತ್ತುತ್ತದೆ.